ಹ್ಯಾಂಡ್‌ಪೋಸ್ಟ್ ದಾಟಿದ ಮೇಲೆ ಕೋವಿಗೆ ದಾರಿಯಿಲ್ಲ

ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೋಟೆ ಬಸ್ಸು ಹತ್ತಿ 'ಹ್ಯಾಂಡ್‌ಪೋಸ್ಟ್' ಎಂದರೆ ಸಾಕು, ಕಂಡಕ್ಟರು ಮರುಮಾತಿಲ್ಲದೆ ಟಿಕೆಟ್ಟು ಹರಿದುಕೊಡುತ್ತಾನೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರು ಈ ಬಸ್ಸುಗಳಲ್ಲಿ ದುಡ್ಡು ಕೊಡುವ ಮಾತೂ ಇಲ್ಲ. ಗುರುತಿನ ಚೀಟಿ ಒಂದು ಕೈಚೀಲದಲ್ಲಿದ್ದರೆ ಆಯಿತು. ಮಾನಂದವಾಡಿ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರು ಕಳೆದು, ಹೆಗ್ಗಡದೇವನಕೋಟೆ ಇನ್ನೇನು ಬಂತು ಅನ್ನುವಾಗ ಈ ಊರು ಸಿಗುತ್ತದೆ. ಊರು ಅಂದೆ, ನಿಜವಾಗಿ ಅದೊಂದು ಕೂಡುರಸ್ತೆ. ರಸ್ತೆಗಳು ಕೂಡಿದ ಕಡೆ ಟೀ ಅಂಗಡಿ ಹುಟ್ಟುತ್ತದೆ, ಟೀ ಅಂಗಡಿಯ ಪಕ್ಕ ಗೊಬ್ಬರದ ಅಂಗಡಿ, ಅದರ ಪಕ್ಕ ಬಟ್ಟೆ ಅಂಗಡಿ, ಆಮೇಲೆ ಶಾಲೆ, ಬ್ಯಾಂಕು, ಮನೆಗಳು. ಹಾಗೆ ಬೆಳೆದ ಊರು ಇದು.

ಹೆಸರು ಕೇಳಿ ನಿಮಗೆ ಯಾರೋ ದೊರೆಯ ನೆನಪು ಬಂದೀತು. ಅಂಥದ್ದೇನಿಲ್ಲ. ಕವಲುದಾರಿಯಲ್ಲಿ ಕಂಬ ನೆಟ್ಟು, ಅದಕ್ಕೆ ಕೈಗಳ ಹಾಗೆ ಹಲಗೆ ಹೊಡೆದು, ಈ ಕಡೆ ಇಂಥ ಊರು, ಆ ಕಡೆ ಇಂಥ ಊರು ಎಂದು ಬರೆಯುತ್ತಿದ್ದರಲ್ಲ, ಅದಕ್ಕೆ ಇಂಗ್ಲಿಷರು ಹ್ಯಾಂಡ್‌ಪೋಸ್ಟ್ ಎನ್ನುತ್ತಿದ್ದರು. ನಮ್ಮ ಕನ್ನಡದಲ್ಲಿ ಕೈಮರ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಎಂಬ ಊರೇ ಇದೆ, ನೋಡಿರುತ್ತೀರಿ. ಅಲ್ಲಿ ಕನ್ನಡ ಉಳಿಯಿತು, ಇಲ್ಲಿ ಇಂಗ್ಲಿಷು ಉಳಿಯಿತು. ಹಳ್ಳಿಯವರ ಬಾಯಲ್ಲಿ ಅದೂ ಸವೆದು 'ಆಂಡ್‌ಪೋಸ್ಟು' ಆಗಿದೆ.

ಇಲ್ಲಿ ನೋಡುವುದಕ್ಕೆ ಏನಿದೆ ಅಂತೀರಾ? ದೇವಸ್ಥಾನ, ಜಲಪಾತ ಅಂತ ಪಟ್ಟಿ ಕೊಡಲಾರೆ. ಆದರೆ ಈ ಊರು ಒಂದು ಹೊಸ್ತಿಲು. ಇದರ ಈಚೆಗೆ ಮೈಸೂರಿನ ಬಯಲು. ಆಚೆಗೆ ಕೋಟೆ, ಅಂತರಸಂತೆ, ಅಲ್ಲಿಂದ ಮುಂದೆ ಕಾಕನಕೋಟೆಯ ಕಾಡು, ಕಾಡು ದಾಟಿದರೆ ಬಾವಲಿ, ಅಲ್ಲಿಂದ ಕೇರಳ. ಹೊಸ್ತಿಲ ಮೇಲೆ ನಿಂತರೆ ಒಳಗೂ ಹೊರಗೂ ಎರಡೂ ಕಾಣುತ್ತದೆ ಎನ್ನುವ ಹಾಗೆ, ಇಲ್ಲಿ ಒಂದು ಗಂಟೆ ಬಸ್ಸಿಗೆ ಕಾದರೆ ಕಾಡಿನ ಸುದ್ದಿಯೂ ನಾಡಿನ ಸುದ್ದಿಯೂ ಕಿವಿಗೆ ಬೀಳುತ್ತದೆ. ಹೊಗೆಸೊಪ್ಪಿನ ರೇಟು, ಶುಂಠಿಯ ರೇಟು, ಹತ್ತಿ ಬಿಡಿಸುವ ಕೂಲಿ, ಯಾರ ಮನೆಯ ಹಸು ಹುಲಿ ಹಿಡಿಯಿತು, ಯಾರ ಬಾಳೆತೋಟಕ್ಕೆ ಆನೆ ಬಂತು — ಎಲ್ಲ ಒಂದೇ ಉಸಿರಿನಲ್ಲಿ.

ನಾನು ಕೂತ ಕಲ್ಲುಬೆಂಚಿನ ಮೇಲೆ ಅಂತರಸಂತೆ ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಮಡಿಲಲ್ಲಿ ಎಲೆಅಡಿಕೆಯ ಚೀಲ, ಪಕ್ಕದಲ್ಲಿ ಆಸ್ಪತ್ರೆಯ ಚೀಟಿ ಹಿಡಿದ ಸೊಸೆ.

"ಯಾವೂರವ್ವ ನಿಮ್ದು?" ಎಂದು ಅವರೇ ಮಾತಿಗೆ ಎಳೆದರು. ಊರು, ಮಕ್ಕಳು, ಅಡಿಗೆ ಎಲ್ಲ ಆದ ಮೇಲೆ ಮಾತು ಆನೆಗೆ ಬಂತು.

"ರಾಗಿ ಹಾಲ್ದುಂಬ್ದಾಗ್ಲೇ ಬರದು ಕಣವ್ವ. ನಾವು ಉತ್ತು ಬಿತ್ತಿ ಕಾಯದು, ಅದು ಒಂದು ರಾತ್ರೀಲಿ ಉಂಡ್ಕೊಂಡು ಹೋಗದು. ನಮ್ ಮಾವನ ಕಾಲ್ದಲ್ಲಿ ಮನೇಲಿ ಕೇಪಿನ ಕೋವಿ ಇತ್ತು. ಗಾಳಿಗೆ ಒಂದು ಈಡು ಹೊಡುದ್ರೆ ಓಡೋಗ್ತಿದ್ವು."

"ಈಗ?"

"ಈಗೆಲ್ಲಿ ಬಂತವ್ವ. ತಮಟೆ ಅದೆ, ಪಟಾಕಿ ಅದೆ. ಆನೆಗೂ ಗೊತ್ತಾಗೋಗದೆ, ಇದು ಬರೀ ಸದ್ದು ಅಂತ."

ಅಜ್ಜಿಯ ಈ ಒಂದು ಮಾತಿನ ಹಿಂದೆ ದೊಡ್ಡ ಕಾನೂನಿದೆ. ನಮ್ಮಂಥ ಗೃಹಿಣಿಯರಿಗೆ ಕೋವಿಯ ಕಾನೂನು ಯಾಕೆ ಅನ್ನಬೇಡಿ. ರಜಾ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ನಾಗರಹೊಳೆಗೋ ಬಂಡೀಪುರಕ್ಕೋ ಹೊರಡುವವರು ನಾವೇ. ಡಿಕ್ಕಿಗೆ ಸಾಮಾನು ತುಂಬುವವರೂ ನಾವೇ. ಆ ಡಿಕ್ಕಿಯಲ್ಲಿ ಏನಿರಬಾರದು ಎಂಬುದು ಗೊತ್ತಿದ್ದರೆ ಒಳ್ಳೆಯದಲ್ಲವೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಂದು ಒಂದಿದೆ. ಕೇಂದ್ರ ಸರ್ಕಾರದ ಕಾಯ್ದೆ. ಕಾಡನ್ನು ನೋಡಿಕೊಳ್ಳುವುದು ರಾಜ್ಯದ ಅರಣ್ಯ ಇಲಾಖೆ. ಇದರ 31ನೇ ಕಲಂ ಬಹಳ ಚಿಕ್ಕದು. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರ ಅಧಿಕಾರ ಪಡೆದವರ ಲಿಖಿತ ಅನುಮತಿ ಮೊದಲೇ ಇಲ್ಲದೆ ಯಾರೂ ಆಯುಧ ಹಿಡಿದು ಅಭಯಾರಣ್ಯದೊಳಕ್ಕೆ ಹೋಗುವಂತಿಲ್ಲ. ಅಷ್ಟೇ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಕೋವಿಗೆ ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸು ಇದೆಯಲ್ಲ ಎಂದರೆ ಸಾಲದು. ಲೈಸೆನ್ಸು ಎನ್ನುವುದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ. ಕಾಡಿನ ಗೇಟಿನಲ್ಲಿ ಅದು ಮಾತಾಡುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಎಷ್ಟೋ ಜನ ಗಂಡಸರೂ ಗಮನಿಸಿರುವುದಿಲ್ಲ. ಅಭಯಾರಣ್ಯದ ನಡುವೆ ಸಾರ್ವಜನಿಕ ಹೆದ್ದಾರಿ ಇದ್ದರೆ, ಅದರಲ್ಲಿ ಹಾದುಹೋಗುವವರಿಗೆ ಪ್ರವೇಶದ ಪರ್ಮಿಟ್ಟು ಬೇಡ ಎಂದು ಕಾಯ್ದೆಯೇ ರಿಯಾಯಿತಿ ಕೊಟ್ಟಿದೆ. ಮಾನಂದವಾಡಿಗೆ ಹೋಗುವ ಬಸ್ಸಿನವರು, ಕಾರಿನವರು ಹಾಗೆ ಹೋಗುತ್ತಾರೆ. ಆದರೆ ಆಯುಧದ ಕಲಂನಲ್ಲಿ ಈ ರಿಯಾಯಿತಿ ಇಲ್ಲ. ಕೇರಳದ ಕಡೆ ತೋಟ ಇರುವ ಭಾವನವರು ಮದುವೆ ಮುಗಿಸಿ ವಾಪಸು ಹೋಗುವಾಗ, 'ಕೋವಿ ಡಿಕ್ಕಿಯಲ್ಲೇ ಇದೆ, ನಾವೇನು ಬೇಟೆಗೆ ಹೊರಟಿದ್ದೇವೆಯೇ, ಬರೀ ದಾರಿ ತಾನೇ' ಎಂದರೆ ನಡೆಯುವುದಿಲ್ಲ. ದಾರಿ ಸರ್ಕಾರದ್ದೇ, ಆದರೆ ದಾರಿಯ ಎರಡೂ ಬದಿ ಹುಲಿಯ ಮನೆ.

ಈ ಕಾಯ್ದೆಯಲ್ಲಿ 'ಆಯುಧ' ಎಂದರೆ ಏನು ಎಂದು ಓದಿದಾಗ ನನಗೆ ನಗು ಬಂತು. ಕೋವಿ, ತೋಟಾ, ಸಿಡಿಮದ್ದು ಇರಲೇಬೇಕು, ಸರಿ. ಬಿಲ್ಲುಬಾಣ, ಉರುಳು, ಬೋನು, ವಿಷ — ಇವೂ ಸರಿ. ಅದೇ ಸಾಲಿನಲ್ಲಿ ಬಲೆ, ಗಾಳದ ಕೊಕ್ಕೆ, ಚಾಕು ಕೂಡ ಕೂತಿವೆ! ಹಣ್ಣು ಹೆಚ್ಚುವ ಚಾಕು ಕಂಡು ಯಾರೂ ನಿಮ್ಮ ಮೇಲೆ ಕೇಸು ಹಾಕುತ್ತಾರೆ ಎಂದು ಹೆದರಿಸುತ್ತಿಲ್ಲ. ಆದರೂ ಗೇಟಿನಲ್ಲಿ ಬುಟ್ಟಿ ಬಿಚ್ಚಿಸಿ 'ಇದೇನಮ್ಮ?' ಎಂದು ಕೇಳಿದರೆ, ಕೇಳುವ ಹಕ್ಕು ಅವರಿಗಿದೆ ಎಂದು ತಿಳಿದಿರಲಿ. ಸೀಬೆಹಣ್ಣು, ಸೌತೆಕಾಯಿ, ಪರಂಗಿ ಏನೇ ಇರಲಿ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಳ್ಳಿ. ಮನೆಯಾತ ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಆಸೆಯಿಂದ ಗಾಳದ ಕೋಲನ್ನು ಸೀಟಿನ ಕೆಳಗೆ ತುರುಕಿದ್ದರೆ ಅದನ್ನೂ ಮನೆಯಲ್ಲೇ ಇಳಿಸಿ.

ಸ್ಟೌವಿನ ಮಾತೂ ಹಾಗೆಯೇ. ನಮ್ಮಲ್ಲಿ ಕೆಲವರಿಗೆ ಮರದ ನೆರಳು ಕಂಡ ಕಡೆ ಚಹಾ ಕಾಯಿಸುವ ಚಟ. ಕಾಡಿಗೆ ಅಪಾಯವಾಗುವ ಹಾಗೆ ಬೆಂಕಿ ಹೊತ್ತಿಸುವುದು, ಹೊತ್ತಿಸಿದ್ದನ್ನು ಆರಿಸದೆ ಬಿಡುವುದು, ಎರಡನ್ನೂ 30ನೇ ಕಲಂ ತಡೆಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಇಲ್ಲಿಯ ಬಿದಿರು, ಹುಲ್ಲು ಹೇಗೆ ಒಣಗಿರುತ್ತದೆ ಎಂದರೆ ಒಂದು ಬೀಡಿ ತುಂಡು ಸಾಕು. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ, ಜಗಳವೇ ಇಲ್ಲ.

ಶಿಕ್ಷೆ ಎಷ್ಟು ಎಂದು ಕೇಳುತ್ತೀರಿ. 2022ರ ತಿದ್ದುಪಡಿಯ ಮೇಲೆ, ಈ ಕಾಯ್ದೆಯನ್ನು ಮೀರಿದ ಸಾಮಾನ್ಯ ತಪ್ಪಿಗೆ 3 ವರ್ಷದ ತನಕ ಸೆರೆಮನೆ, ಇಲ್ಲವೆ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಅಭಯಾರಣ್ಯದಲ್ಲೋ ರಾಷ್ಟ್ರೀಯ ಉದ್ಯಾನದಲ್ಲೋ ಬೇಟೆಯಾಡಿದ್ದು ಸಾಬೀತಾದರೆ 3 ವರ್ಷಕ್ಕೆ ಕಡಿಮೆಯಿಲ್ಲದಂತೆ 7 ವರ್ಷದ ತನಕ, ದಂಡ ಬೇರೆ. ತಪ್ಪಿಗೆ ಬಳಸಿ ವಶವಾದ ಕೋವಿ, ಗಾಡಿ ಸರ್ಕಾರದ ಸ್ವತ್ತಾಗುತ್ತದೆ.

ಇಷ್ಟು ಬಿಗಿ ಯಾಕೆ ಎಂದು ತಿಳಿಯಬೇಕಾದರೆ ಈ ಸೀಮೆಯ ಹಿಂದಿನ ಕತೆ ಸ್ವಲ್ಪ ಕೇಳಿ. ಇದು ಮಹಾರಾಜರ ಬೇಟೆಯ ಕಾಡು. ಕಾರಾಪುರದಲ್ಲಿ ಅವರ ಬೇಟೆಯ ಬಂಗಲೆ ಇತ್ತು. ವೈಸರಾಯರು, ಅತಿಥಿ ದೊರೆಗಳು ಬಂದರೆ ಇಲ್ಲಿಗೆ ಸವಾರಿ. ಬೇಟೆಗಿಂತ ಹೆಸರಾದದ್ದು ಖೆಡ್ಡಾ. ಮೈಸೂರು ಸೀಮೆಯಲ್ಲಿ ಖೆಡ್ಡಾ ಮೊದಲು ಮಾಡಿ ಗೆದ್ದವನು ಸ್ಯಾಂಡರ್‌ಸನ್ ಎಂಬ ಇಂಗ್ಲಿಷರವನು, 1874ರಲ್ಲಿ, ಚಾಮರಾಜನಗರದ ಕಡೆ. ಆಮೇಲೆ ಕಾಕನಕೋಟೆ ಅದರ ತೌರಾಯಿತು. ನೂರಾರು ಜನ ಕಾಡಿನ ಜನರೊಡನೆ ಸೇರಿ ತಮಟೆ ಬಡಿದು, ಪಂಜು ಹಿಡಿದು, ಗಾಳಿಗೆ ಈಡು ಹಾರಿಸಿ, ಆನೆಯ ಹಿಂಡನ್ನು ಹೊಳೆಯ ಕಡೆಗೆ ಓಡಿಸಿ, ದೊಡ್ಡಿಯೊಳಗೆ ಕೂಡುವುದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮುಂದಿನ ವರ್ಷವೇ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ಆ ಹಳೆಯ ಜಾಗವೆಲ್ಲ ನೀರಿನ ತಳಕ್ಕೆ ಹೋಯಿತು.

ದಸರಾದಲ್ಲಿ 2012ರಿಂದ 2019ರ ತನಕ ಚಿನ್ನದ ಅಂಬಾರಿ ಹೊತ್ತ ಅರ್ಜುನನನ್ನು ನೀವು ಟಿ.ವಿ.ಯಲ್ಲಾದರೂ ನೋಡಿದ್ದೀರಿ. ಅವನು 1968ರಲ್ಲಿ ಈ ಕಾಕನಕೋಟೆಯ ಖೆಡ್ಡಾದಲ್ಲೇ ಸಿಕ್ಕಿದ ಆನೆ. ಬಾವಲಿಗೆ ಹೋಗುವ ದಾರಿಯ ಬಳ್ಳೆ ಶಿಬಿರ ಅವನ ಮನೆ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ, ಅಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ. ಹ್ಯಾಂಡ್‌ಪೋಸ್ಟಿನ ಹೋಟೆಲಿನಲ್ಲಿ ಕೂತವರು ಈಗಲೂ ಅವನ ಮಾತನ್ನು ಮನೆಯ ಮಗನ ಮಾತಿನ ಹಾಗೆ ಆಡುತ್ತಾರೆ. ರಾಗಿ ತಿಂದ ಆನೆಗೆ ಶಾಪ ಹಾಕುವ ಬಾಯಿಯೇ ಅರ್ಜುನನಿಗೆ ಮರುಗುತ್ತದೆ. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ಮನೆಗಳಲ್ಲೂ ಹೀಗೇ ತಾನೇ.

ನಾಗರಹೊಳೆ ಮೊದಲು ಅಭಯಾರಣ್ಯವಾದದ್ದು 1955ರಲ್ಲಿ, ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ. ಆಮೇಲೆ ಮೈಸೂರು ಜಿಲ್ಲೆಯ ಕಾಡುಗಳೂ ಸೇರಿ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಸುಮಾರು 643 ಚದರ ಕಿಲೋಮೀಟರು. 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆ ಒಂದು ಮಗ್ಗುಲು; ಕೊಡಗು ಇನ್ನೊಂದು ಮಗ್ಗುಲು.

ಕೊಡಗು ಎಂದ ಮೇಲೆ ಕೋವಿಯ ಮಾತು ಬರಲೇಬೇಕು. ಅಲ್ಲಿ ಕೋವಿ ಮನೆಯ ದೇವರ ಸಾಮಾನಿನ ಹಾಗೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು, ಹೂವಿಟ್ಟು ಪೂಜೆ. ಪುತ್ತರಿಯಲ್ಲಿ ಕದಿರು ಕುಯ್ಯುವಾಗ ಈಡು. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯದಲ್ಲಿ ಸೀರೆಯುಟ್ಟ ಹೆಂಗಸರೂ ನಿಲ್ಲುತ್ತಾರೆ, ಗೆಲ್ಲುತ್ತಾರೆ ಕೂಡ! ಕೊಡವರಿಗೂ ಅಲ್ಲಿಯ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ, 1861ರಿಂದ, ಕೋವಿಗೆ ಲೈಸೆನ್ಸು ಬೇಡ ಎಂಬ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಇದು ಸರಿಯಲ್ಲವೆಂದು ಹೈಕೋರ್ಟಿಗೆ ಹೋದವರಿದ್ದರು. 2021ರಲ್ಲಿ ಹೈಕೋರ್ಟು ವಿನಾಯಿತಿಯನ್ನೇ ಎತ್ತಿಹಿಡಿಯಿತು.

ಇಷ್ಟು ಮಾನ ಇರುವ ಕೋವಿಯೂ ಕಾಡಿನ ಗೇಟಿನಲ್ಲಿ ನಿಲ್ಲಬೇಕು. ಕಾಯ್ದೆ ಬರೆದವರು ಇದನ್ನು ಯೋಚಿಸಿಯೇ ಬರೆದಿದ್ದಾರೆ. 34ನೇ ಕಲಂ ನೋಡಿ: ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರಿನೊಳಗೆ ವಾಸಿಸುವವರಲ್ಲಿ ಕೋವಿ ಲೈಸೆನ್ಸು ಇರುವವರು ಮಾತ್ರವಲ್ಲ, ಲೈಸೆನ್ಸಿನಿಂದ ವಿನಾಯಿತಿ ಪಡೆದು ಕೋವಿ ಇಟ್ಟುಕೊಂಡವರೂ ತಮ್ಮ ಹೆಸರನ್ನು ವನ್ಯಜೀವಿ ಅಧಿಕಾರಿಗಳಲ್ಲಿ ನೋಂದಾಯಿಸಬೇಕು. ಆ 10 ಕಿಲೋಮೀಟರಿನೊಳಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಇರಬೇಕು. ಅಂತರಸಂತೆಯ ಅಜ್ಜಿಯ ಮೊಮ್ಮಗ ಬೆಳೆ ಕಾಯಲು ಕೋವಿ ಬೇಕು ಎಂದು ಅರ್ಜಿ ಹಾಕಿದರೆ, ಕಾಗದ ಯಾಕೆ ಅಷ್ಟು ಮೇಜು ಸುತ್ತುತ್ತದೆ ಎಂಬುದಕ್ಕೆ ಇದು ಒಂದು ಕಾರಣ.

ಕೋವಿಯೊಂದು ಕಾಡಿನಲ್ಲಿ ಸದ್ದು ಮಾಡಿದರೆ ಏನೇನಾಗಬಹುದು ಎಂಬುದನ್ನು ನಾಗರಹೊಳೆ 1992ರಲ್ಲಿ ಕಂಡಿದೆ. ಗುಂಡೇಟಿಗೆ ಒಬ್ಬ ಮನುಷ್ಯ ಸತ್ತ. ಅದರ ಬೆನ್ನಿಗೇ ಗಲಭೆ ಎದ್ದು, ಕಾಡಿಗೆ ಬೆಂಕಿ ಬಿತ್ತು. ಆಗ ಅಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರು ಸೆರೆಮನೆಯನ್ನೂ ನೋಡಬೇಕಾಯಿತು. ಚಿಣ್ಣಪ್ಪನವರೂ ಕೊಡಗಿನವರೇ, ಕೋವಿಯ ನಾಡಿನಲ್ಲೇ ಬೆಳೆದವರು. ಅವರು ಕಳ್ಳಬೇಟೆಯ ವಿರುದ್ಧ ಎಷ್ಟು ಗಟ್ಟಿಯಾಗಿ ನಿಂತರೆಂಬುದು ಕಾಡು ಬಲ್ಲವರಿಗೆಲ್ಲ ಗೊತ್ತು. 2024ರಲ್ಲಿ ತೀರಿಕೊಂಡರು.

ಅಮೆರಿಕದಲ್ಲಿ ಮಗಳೋ ಸೊಸೆಯೋ ಇರುವ ಓದುಗರು ಈಗ ಬಹಳ. ಅಲ್ಲಿಯ ರೀತಿ ಕೇಳಿ, ವಿಚಿತ್ರ ಎನಿಸುತ್ತದೆ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರವರಿಯಿಂದ, ಆಯಾ ರಾಜ್ಯದ ಕಾನೂನು ಒಪ್ಪಿದರೆ ಕೋವಿ ಇಟ್ಟುಕೊಂಡೇ ಕಾಡಿನಲ್ಲಿ ತಿರುಗಬಹುದು. ಆದರೆ ಅದೇ ಉದ್ಯಾನದ ಕಚೇರಿಗೆ, ಮಾಹಿತಿ ಕೇಂದ್ರಕ್ಕೆ ಕೋವಿ ಹಿಡಿದು ಹೋದರೆ ಅಪರಾಧ. ಬಾಗಿಲಲ್ಲೇ ಬೋರ್ಡು ಇರುತ್ತದೆ. ಅವರ ಕೇಂದ್ರ ಸರ್ಕಾರದ ಕಟ್ಟಡಗಳಿಗೆಲ್ಲ ಹೀಗೇ, ಅಂಚೆ ಕಚೇರಿಗೂ. ಅಲ್ಲಿ ಗೋಡೆ ಇರುವ ಕಡೆ ನಿಷೇಧ, ಗೋಡೆ ಇಲ್ಲದ ಕಾಡಿನಲ್ಲಿ ಬಿಡುವು. ನಮ್ಮಲ್ಲಿ ಕಾಡಿಗೆ ಕಾಡೇ ಗರ್ಭಗುಡಿ, ಚಪ್ಪಲಿ ಹೊರಗೆ ಬಿಟ್ಟ ಹಾಗೆ ಕೋವಿಯನ್ನು ಹೊರಗೆ ಬಿಡಬೇಕು. ನಮ್ಮದೇ ನನಗೆ ಸರಿ ಎನಿಸುತ್ತದೆ. ಆದರೆ ಹೀಗೆ ಹೇಳುವುದು ಪೇಟೆಯಲ್ಲಿ ಮಲಗುವ ನನಗೆ ಸುಲಭ.

ಏಕೆಂದರೆ 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಸೀಮೆಯಲ್ಲಿ ನಡೆದದ್ದನ್ನು ಪೇಪರಿನಲ್ಲಿ ಓದಿರುತ್ತೀರಿ. ಹೊಲದಲ್ಲಿದ್ದ ರೈತರನ್ನು ಹುಲಿ ಹಿಡಿಯಿತು, ಒಬ್ಬರಲ್ಲ, ಒಬ್ಬರ ಮೇಲೊಬ್ಬರು. ಜನ ರೊಚ್ಚಿಗೆದ್ದರು. ಸರ್ಕಾರ ನಾಗರಹೊಳೆ, ಬಂಡೀಪುರದಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನೂ ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ಹ್ಯಾಂಡ್‌ಪೋಸ್ಟಿನಲ್ಲಿ ಅಜ್ಜಿಯ ಸೊಸೆ ಅದುವರೆಗೆ ಬಾಯಿ ಬಿಡದವಳು, ಈ ಮಾತು ಬಂದಾಗ ಹೇಳಿದಳು: "ನಮ್ಮೆಜಮಾನ್ರು ರಾತ್ರಿ ಅಟ್ಟಣೆ ಮೇಲೆ ಕಾಯಕ್ಕೋಗ್ತಾರಲ್ಲಕ್ಕ, ಬೆಳಗ್ಗೆ ಅವರ ಕೆಮ್ಮು ಕೇಳೋಗಂಟ ನಾನು ಒಲೆ ಹಚ್ಚಲ್ಲ." ಕೋವಿ ಇದ್ದರೆ ಧೈರ್ಯವೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೋವಿ ಇದ್ರೆ ಇನ್ನೂ ಒಳಕ್ಕೋಗ್ತಾರೆ ಕಣಕ್ಕ. ಗಾಯ ಆದ ಹುಲಿ ಸುಮ್ನಿರ್ತದಾ?" ಎಂದಳು.

ಜೀವ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದೆ, ಒಳ್ಳೆಯ ಉದ್ದೇಶದಿಂದ ಕಾಡುಪ್ರಾಣಿಯನ್ನು ಗಾಯಗೊಳಿಸಿದರೆ ಅಥವಾ ಕೊಂದರೆ ಅಪರಾಧವಲ್ಲ ಎಂದು ಈ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಕಾಯ್ದೆ ಮೀರುವ ಕೆಲಸಕ್ಕೆ ಹೋದವನಿಗೆ ಮಾತ್ರ ಈ ರಕ್ಷಣೆ ಇಲ್ಲ. ಸತ್ತ ಪ್ರಾಣಿ ಸರ್ಕಾರದ್ದು. ಇನ್ನು ಮನುಷ್ಯರಿಗೆ ಅಪಾಯವಾದ ಹುಲಿಯ ವಿಷಯದಲ್ಲಿ ಹಿಡಿಯುವುದೋ, ಅರಿವಳಿಕೆ ಕೊಡುವುದೋ, ಯಾವುದೂ ಆಗದಿದ್ದರೆ ಕೊಲ್ಲುವುದೋ ಎಂದು ಅಪ್ಪಣೆ ಕೊಡುವುದು ಮುಖ್ಯ ವನ್ಯಜೀವಿ ಪರಿಪಾಲಕರೊಬ್ಬರೇ. ಆ ಅಪ್ಪಣೆ ಬರುವ ತನಕ ಊರಿನವರ ರಾತ್ರಿಗಳನ್ನು ಯಾರು ಕಾಯಬೇಕು? ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಹಾಕಿದ್ದಾರೆ, ಕೆಲವು ಕಡೆ ರೈಲು ಕಂಬಿಯ ತಡೆ ನಿಲ್ಲಿಸಿದ್ದಾರೆ. ಅವು ಆನೆಗೆ. ಹುಲಿ ಕಂಬಿಯ ಸಂದಿಯಲ್ಲೇ ನುಸುಳಿ ಬರುತ್ತದೆ. ಕೋವಿ ಬೇಡ ಎಂದ ಸರ್ಕಾರಕ್ಕೆ, ಬೇಲಿ ಸರಿಯಾಗಿಡುವ, ಕರೆದ ಕೂಡಲೇ ಬರುವ ಸಾಲ ಇದೆ ಎಂಬುದು ನನ್ನ ಅಭಿಪ್ರಾಯ.

ಕಾಡಿನ ಒಳಗಿದ್ದವರ ಪಾಡು ಬೇರೆ. ಜೇನುಕುರುಬರು, ಬೆಟ್ಟಕುರುಬರು, ಯರವರು ಈ ಕಾಡಿನ ಹಾಡಿಗಳಲ್ಲಿ ತಲೆತಲಾಂತರದಿಂದ ಇದ್ದವರು. ಅವರ ಸೊಂಟದ ಕತ್ತಿ ಗೆಡ್ಡೆ ಅಗೆಯುವುದಕ್ಕೆ, ಜೇನು ಕೀಳುವುದಕ್ಕೆ. ಕಾಯ್ದೆಯ ಪಟ್ಟಿಯಲ್ಲಿ ಅದೂ ಆಯುಧ. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಜೇನು, ಗೆಡ್ಡೆಯಂಥ ಕಿರು ಉತ್ಪನ್ನದ ಹಕ್ಕು ಕೊಟ್ಟಿದೆ. ಒಂದು ಕಾನೂನು ಜೇನು ಕಿತ್ತುಕೋ ಎನ್ನುತ್ತದೆ, ಇನ್ನೊಂದು ಕತ್ತಿ ಹಿಡಿದು ಒಳಗೆ ಬರಬೇಡ ಎನ್ನುತ್ತದೆ. ನಡುವೆ ನಿಂತವಳು ಹಾಡಿಯ ಹೆಂಗಸು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುವವರಲ್ಲಿ ಇವರೂ ಇರುತ್ತಾರೆ. ಮಾತು ಕಡಿಮೆ, ಕೇಳಿದರೆ ನಕ್ಕು ಬೇರೆ ಕಡೆ ನೋಡುತ್ತಾರೆ.

ಇನ್ನೊಂದು ಮಾತು, ಪ್ರವಾಸಕ್ಕೆ ಸಂಬಂಧಿಸಿದ್ದಲ್ಲ, ಆದರೆ ಹಳ್ಳಿ ಮನೆಗಳ ಹೆಂಗಸರಿಗೆ ಬೇಕಾದದ್ದು. ಮಾವನವರದೋ ಯಜಮಾನರದೋ ಹೆಸರಿನ ಕೋವಿ ಅಟ್ಟದ ಮೇಲೋ ಬೀರುವಿನ ಹಿಂದೋ ಇರುತ್ತದೆ. ಲೈಸೆನ್ಸುದಾರರು ತೀರಿಕೊಂಡ ಮೇಲೆ 'ಅವರ ನೆನಪು, ಇರಲಿ' ಎಂದು ಅದನ್ನು ಹಾಗೇ ಬಿಡಬೇಡಿ. ಲೈಸೆನ್ಸು ಅವರ ಹೆಸರಿಗೆ ಇತ್ತೇ ಹೊರತು ಮನೆಗೆ ಅಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಅಂಥ ಕೋವಿಯನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸಿರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು. ಆಮೇಲೆ ವಾರಸುದಾರರು ಬೇಕಾದರೆ ತಮ್ಮ ಹೆಸರಿಗೆ ಲೈಸೆನ್ಸಿಗೆ ಅರ್ಜಿ ಹಾಕಿಕೊಳ್ಳಬಹುದು. ಠಾಣೆಗೆ ಹೆಂಗಸರು ಒಬ್ಬರೇ ಹೋಗಲು ಸಂಕೋಚವಾದರೆ ಅಣ್ಣನನ್ನೋ ಮೈದುನನನ್ನೋ ಕರೆದುಕೊಂಡು ಹೋಗಿ, ರಸೀದಿ ಮಾತ್ರ ನಿಮ್ಮ ಕೈಯಲ್ಲಿರಲಿ.

ಈಗ ಹೊರಡುವ ಮಾತು. ಬೆಳಿಗ್ಗೆ ಬೇಗ ಮೈಸೂರು ಬಿಟ್ಟರೆ ಹ್ಯಾಂಡ್‌ಪೋಸ್ಟಿನಲ್ಲಿ ಇಡ್ಲಿ ತಿಂದು ಬಿಸಿಲೇರುವ ಮೊದಲೇ ಕಾಡಿನ ಬಾಗಿಲು ಸೇರಬಹುದು. ದಮ್ಮನಕಟ್ಟೆಯ ಗೇಟಿನಿಂದ ಬಾವಲಿಯ ತನಕದ ಕಾಡಿನ ದಾರಿ ಸಂಜೆ 6ರಿಂದ ಬೆಳಿಗ್ಗೆ 6ರ ತನಕ ವಾಹನಗಳಿಗೆ ಮುಚ್ಚಿರುತ್ತದೆ. ಸಂಜೆ ಆರಾದ ಮೇಲೆ ಮದುವೆಯ ದಿಬ್ಬಣವಾದರೂ ಅಷ್ಟೇ, ಈಚೆಯೇ ನಿಲ್ಲಬೇಕು. ಸಫಾರಿ ಉಂಟೋ ಇಲ್ಲವೋ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಮಾರ್ಚಿನಿಂದ ಮೇ ತನಕ ಕಬಿನಿಯ ನೀರು ಇಳಿದು, ದಡದಲ್ಲಿ ಹಸಿರು ಹುಲ್ಲು ಚಿಗುರಿದಾಗ ಆನೆಗಳ ಹಿಂಡು ಹಿಂಡೇ ಮರಿಗಳೊಡನೆ ಇಳಿದು ಬರುತ್ತವೆ. ನೋಡಬೇಕಾದ ಕಾಲ ಅದು. ಬಿಸಿಲು ಮಾತ್ರ ಸುಡುತ್ತದೆ.

ಬುತ್ತಿಗೆ ಪುಳಿಯೋಗರೆ, ಮೊಸರನ್ನ ಎರಡೇ ಸಾಕು. ಮೊಸರನ್ನಕ್ಕೆ ಮೊಸರಿಗಿಂತ ಹಾಲನ್ನೇ ಹೆಚ್ಚು ಹಾಕಿ, ಒಂದು ಚಮಚ ಮೊಸರು ಬೆರೆಸಿ ಕಟ್ಟಿ. ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯೇರುವುದಿಲ್ಲ. ಶುಂಠಿಯನ್ನು ಮನೆಯಲ್ಲೇ ಸಣ್ಣಗೆ ಕೊಚ್ಚಿ ಒಗ್ಗರಣೆಗೆ ಸೇರಿಸಿ. ಬಾಳೆಲೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ, ಪ್ಲಾಸ್ಟಿಕ್ ಕವರು ಒಯ್ಯಬೇಡಿ. ಊಟವನ್ನು ಅಂತರಸಂತೆಯ ಈಚೆಯೇ, ಊರಿರುವ ಕಡೆ ಕೂತು ಮುಗಿಸಿ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಡಬ್ಬಿ ಬಿಚ್ಚಬೇಡಿ. ಕೋತಿಗಳಿಗೆ ಮಕ್ಕಳ ಕೈಯಿಂದ ತಿನ್ನಿಸಲೂಬೇಡಿ. ವಾಪಸು ಬರುವಾಗ ಬಾವಲಿ ಕಡೆಯಿಂದಾದರೆ ನಾಲ್ಕೂವರೆಯೊಳಗೆ ಗೇಟಿಗೆ ಬನ್ನಿ, ಮಕ್ಕಳಿಗೆ ಅಲ್ಲಿ ನೀರು ಕುಡಿಸುವುದಕ್ಕೂ ಸಮಯ ಸಿಗುತ್ತದೆ.